ಮದುವೆಯಾಗದೆ ಹುಚ್ಚು ಬಿಡದು

ಹತ್ತು ಹನ್ನೆರಡು ವರ್ಷದ ಹಿಂದೆ, ಒಂದು ಏಪ್ರಿಲ್ ಸಂಜೆ, ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಕೈಕೊಟ್ಟಿತು. ಕರೆಂಟು ಹೋಯಿತು, ಯುಪಿಎಸ್ ಕುಂಯ್ ಅಂದಿತು, ಐದೇ ನಿಮಿಷಕ್ಕೆ ಫ್ಯಾನು ನಿಂತಿತು. ಮಾರನೆಯ ದಿನ ಬ್ಯಾಟರಿ ಅಂಗಡಿಯಿಂದ ಇಬ್ಬರು ಬಂದರು, ಒಬ್ಬರು ವಯಸ್ಸಾದವರು, ಇನ್ನೊಬ್ಬ ಹುಡುಗ. ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ. ಹೊಸ ಬ್ಯಾಟರಿಯ ಎರಡೂ ಕಡೆ ಹಿಡಿದು, ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಕೆಳಗಿಟ್ಟು ಸುಧಾರಿಸಿಕೊಂಡು ಮೇಲೆ ತಂದರು. ಹಿರಿಯರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನೀರು ಕೊಟ್ಟು, "ಏನಿದೆ ಇದರೊಳಗೆ, ಇಷ್ಟೊಂದು ಭಾರ?" ಎಂದು ಕೇಳಿದೆ.

"ಸೀಸ ಸಾರ್, ಪೂರ್ತಿ ಸೀಸ. ಮಿಕ್ಕಿದ್ದು ಆಸಿಡ್ಡು. ನಾನು ಕೆಲಸಕ್ಕೆ ಸೇರಿದಾಗ್ಲಿಂದ ಇದೇ ಭಾರ, ಇದೇ ವಾಸನೆ" ಅಂದರು.

ಅವರು ಹೋದ ಮೇಲೆ ಅದರ ಮುಂದೆ ಕೂತು ಲೆಕ್ಕ ಹಾಕಿದೆ. ಮೇಲೆ ಬರೆದಿದ್ದದ್ದು 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1,800 ವ್ಯಾಟ್ ಅವರ್. ನಮ್ಮ ಕರೆಂಟು ಬಿಲ್ಲಿನ ಭಾಷೆಯಲ್ಲಿ ಎರಡು ಯೂನಿಟ್ಟಿಗೂ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು ಒಂಬತ್ತು ಯೂನಿಟ್. ಅಂದರೆ ಇಬ್ಬರು ಬೆವರು ಸುರಿಸಿ ಹೊತ್ತು ತಂದ ಐವತ್ತು ಅರವತ್ತು ಕೆ.ಜಿ. ಭಾರದೊಳಗೆ ಇದ್ದದ್ದು ಒಂದು ಲೋಟ ಪೆಟ್ರೋಲಿನಷ್ಟು ಶಕ್ತಿ!

ಎಲೆಕ್ಟ್ರಿಕ್ ಕಾರನ್ನು ಕಂಪನಿಗಳು ಮೊದಲೇ ಯಾಕೆ ಲಕ್ಷಗಟ್ಟಲೆ ತಯಾರಿಸಲಿಲ್ಲ ಎಂಬ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಮೆಟ್ಟಿಲ ತಿರುವಿನಲ್ಲಿ ಕೂತಿದ್ದ ಆ ಬ್ಯಾಟರಿ. ಕೇಳಿದವರು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ: "ಎಲ್ಲ ಎಣ್ಣೆ ಕಂಪನಿಗಳ ಪಿತೂರಿ." ನಾನೂ ಬಹಳ ದಿನ ಹಾಗೇ ನಂಬಿದ್ದೆ. ಲೋಟದ ಲೆಕ್ಕ ಹಾಕಿದ ಮೇಲೆ ಓದುತ್ತಾ ಹೋದೆ. ಕತೆ ಅಷ್ಟು ಸರಳವಾಗಿರಲಿಲ್ಲ.

ಎಲೆಕ್ಟ್ರಿಕ್ ಕಾರು ಹೊಸದು ಎಂದು ನಾವು ತಿಳಿದಿದ್ದೇವಲ್ಲ, ಅದು ನಮ್ಮ ಮುತ್ತಜ್ಜಂದಿರ ಕಾಲದ್ದು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ಬಂಡಿಗಳು ನಾಲ್ಕು ಸಾವಿರ ಚಿಲ್ಲರೆ. ಅವುಗಳಲ್ಲಿ ಉಗಿಯವು 1,681, ಎಲೆಕ್ಟ್ರಿಕ್ 1,575, ಪೆಟ್ರೋಲಿನವು ಬರೀ 936. ಅದಕ್ಕೂ ಒಂದು ವರ್ಷ ಮೊದಲು, 1899ರ ಏಪ್ರಿಲಿನಲ್ಲಿ, ಕಮಿಲ್ ಜೆನಾಟ್ಸಿ ಎಂಬ ಬೆಲ್ಜಿಯಂ ದೇಶದವನು ಪ್ಯಾರಿಸ್ಸಿನ ಹತ್ತಿರ ಗಂಟೆಗೆ ನೂರು ಕಿಲೋಮೀಟರ್ ವೇಗ ದಾಟಿದ. ಭೂಮಿಯ ಮೇಲೆ ಆ ವೇಗ ಕಂಡ ಮೊದಲ ಕಾರು ಅದು, ಓಡಿದ್ದು ಬ್ಯಾಟರಿಯಿಂದ. ಅದಕ್ಕೆ ಅವನಿಟ್ಟ ಫ್ರೆಂಚ್ ಹೆಸರಿನ ಅರ್ಥ 'ಎಂದೂ ತೃಪ್ತಿಯಾಗದವಳು'. ಒಳ್ಳೆಯ ಹೆಸರು.

ಆಗಿನ ಪೆಟ್ರೋಲ್ ಕಾರು ಒರಟು ಪ್ರಾಣಿ. ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ಬಲವಾಗಿ ತಿರುಗಿಸಿ ಎಂಜಿನ್ನಿಗೆ ಜೀವ ಕೊಡಬೇಕು. ಎಂಜಿನ್ ಮುನಿಸಿಕೊಂಡು ಹಿಂದಕ್ಕೊದ್ದರೆ ತಿರುಗಿಸಿದವರ ಮಣಿಕಟ್ಟು ಮುರಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಕಷ್ಟವಿಲ್ಲ, ಹೊಗೆಯಿಲ್ಲ, ಗಡಗಡ ಸದ್ದಿಲ್ಲ. ಹತ್ತು, ಕೂತುಕೋ, ಹೊರಡು. ಪೆಟ್ರೋಲ್ ಕಾರನ್ನು ಲೋಕದ ಬೀದಿ ಬೀದಿಗೆ ತಂದ ಹೆನ್ರಿ ಫೋರ್ಡ್‌ನ ಮನೆಯಲ್ಲೇ ಅವನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್. ಫೋರ್ಡ್ ಮತ್ತು ಅವನ ಆಪ್ತ ಎಡಿಸನ್ ಸೇರಿ ಅಗ್ಗದ ಎಲೆಕ್ಟ್ರಿಕ್ ಕಾರು ತರುತ್ತಾರೆ ಎಂದು 1914ರಲ್ಲಿ ದೊಡ್ಡ ಸುದ್ದಿಯೂ ಆಯಿತು. ಎಡಿಸನ್ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿಗಾಗಿ ವರ್ಷಗಟ್ಟಲೆ ಜೀವ ತೇದಿದ್ದ. ಆದರೂ ಕಾರು ಬರಲಿಲ್ಲ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ಹ್ಯಾಂಡಲಿನ ಬದಲು ಒಂದು ಪುಟ್ಟ ವಿದ್ಯುತ್ ಮೋಟಾರು, ಒಂದು ಬ್ಯಾಟರಿ ಇಟ್ಟು ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಸ್ಟಾರ್ಟರ್ ಕಂಡುಹಿಡಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತೇವಲ್ಲ, ಮರದ ಹಿಡಿಯೇ ಮರವನ್ನು ಕಡಿದಂತೆ, ಎಲೆಕ್ಟ್ರಿಕ್ ಕಾರಿನ ಬಂಧುವಾದ ಆ ಪುಟ್ಟ ಮೋಟಾರೇ ಪೆಟ್ರೋಲ್ ಕಾರಿನ ಬಾನೆಟ್ಟಿನೊಳಗೆ ಸೇರಿ ಎಲೆಕ್ಟ್ರಿಕ್ ಕಾರಿನ ಬುಡಕ್ಕೆ ಪೆಟ್ಟು ಹಾಕಿತು.

ಜೊತೆಗೆ 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಉಕ್ಕಿ ಪೆಟ್ರೋಲು ಸೋವಿಯಾಯಿತು. ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಹಳ್ಳಿಯ ದಿನಸಿ ಅಂಗಡಿಯಲ್ಲೂ ಇಡಬಹುದು. ಕರೆಂಟನ್ನು ಡಬ್ಬದಲ್ಲಿ ಇಡಲಾಗದು, ಅದರ ತಂತಿ ಇನ್ನೂ ಊರ ಹೊರಗೆ ಹೋಗಿರಲಿಲ್ಲ. 1912ರಲ್ಲಿ ಎಲೆಕ್ಟ್ರಿಕ್ ಕಾರೊಂದಕ್ಕೆ 1,750 ಡಾಲರ್ ಇದ್ದರೆ ಪೆಟ್ರೋಲ್ ಕಾರು 650ಕ್ಕೆ ಸಿಗುತ್ತಿತ್ತು. 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ಮಾಡೆಲ್ ಟಿ, 1920ರ ದಶಕದ ನಡುವಿಗೆ ಮುನ್ನೂರಕ್ಕೂ ಕೆಳಗಿಳಿಯಿತು. ಹಾಗೆ ಇಳಿದದ್ದು ಲಕ್ಷ ಲಕ್ಷ ಲೆಕ್ಕದಲ್ಲಿ ತಯಾರಿಸಿದ್ದಕ್ಕೆ. ಒಂದು ಸಾಮಾನನ್ನು ಹೆಚ್ಚು ಮಾಡಿದಷ್ಟೂ ಕೈ ಪಳಗುತ್ತದೆ, ದಂಡವಾಗುವುದು ಕಡಿಮೆಯಾಗುತ್ತದೆ, ಬೆಲೆ ಇಳಿಯುತ್ತದೆ. ಕಾರಿನ ಬ್ಯಾಟರಿಗೆ ಆ ಭಾಗ್ಯ ಬರಲಿಲ್ಲ. ಬೆಲೆ ಹೆಚ್ಚು ಎಂದು ಜನ ಕೊಳ್ಳಲಿಲ್ಲ. ಜನ ಕೊಳ್ಳುವುದಿಲ್ಲ ಎಂದು ಕಂಪನಿಗಳು ಹೆಚ್ಚು ಮಾಡಲಿಲ್ಲ. ಹೆಚ್ಚು ಮಾಡಲಿಲ್ಲವಾಗಿ ಬೆಲೆ ಇಳಿಯಲಿಲ್ಲ.

ನಮ್ಮಜ್ಜಿ ಇಂಥದ್ದಕ್ಕೆಲ್ಲ ಒಂದೇ ಮಾತು ಹೇಳುತ್ತಿದ್ದರು: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎಲೆಕ್ಟ್ರಿಕ್ ಕಾರಿನ ನೂರು ವರ್ಷದ ಕತೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನಗೆ ಗೊತ್ತಿಲ್ಲ. ಈ ಸುತ್ತಿನಲ್ಲಿ ಯಾರಾದರೊಬ್ಬರು ಧೈರ್ಯ ಮಾಡಿ ತಾಳಿ ಕಟ್ಟಿಸಲೇಬೇಕು. ಕಟ್ಟಿಸುವವರು ಯಾರು?

ಜನರಲ್ ಮೋಟಾರ್ಸ್ ಕಟ್ಟಿಸುತ್ತದೆ ಎಂದು ಒಂದು ಕಾಲಕ್ಕೆ ಎಲ್ಲರೂ ನಂಬಿದ್ದರು. ಅದಕ್ಕೆ ಮೊದಲು ಆಸ್ಟ್ರೇಲಿಯಾದ ಒಂದು ಪಂದ್ಯದ ಬಗ್ಗೆ ಹೇಳಬೇಕು. 1987ರಲ್ಲಿ ಆ ಖಂಡದ ಉತ್ತರದ ಡಾರ್ವಿನ್ನಿನಿಂದ ದಕ್ಷಿಣದ ಅಡಿಲೇಡಿಗೆ ಸುಮಾರು ಮೂರು ಸಾವಿರ ಕಿಲೋಮೀಟರ್, ಬರೀ ಬಿಸಿಲಿನ ಬಲದಿಂದ ಓಡುವ ಕಾರುಗಳ ಪಂದ್ಯ ನಡೆಯಿತು. ಗೆದ್ದದ್ದು ಜನರಲ್ ಮೋಟಾರ್ಸ್‌ನ 'ಸನ್‌ರೇಸರ್'. ಅದನ್ನು ಕಟ್ಟಿದ್ದ, ಪಾಲ್ ಮೆಕ್‌ಕ್ರೆಡಿ ಎಂಬ ಎಂಜಿನಿಯರನ ಏರೋವೈರನ್‌ಮೆಂಟ್ ತಂಡವೇ ಮುಂದೆ ಕಂಪನಿಗೆ 'ಇಂಪ್ಯಾಕ್ಟ್' ಎಂಬ ಎಲೆಕ್ಟ್ರಿಕ್ ಕಾರನ್ನೂ ಮಾಡಿಕೊಟ್ಟಿತು. 1990ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪ್ರದರ್ಶನದಲ್ಲಿ ಅದನ್ನು ನೋಡಿದವರು ಬೆರಗಾದರು. ಹೊಗೆಯಿಂದ ಬೇಸತ್ತಿದ್ದ ಕ್ಯಾಲಿಫೋರ್ನಿಯಾ ರಾಜ್ಯ ಅದೇ ವರ್ಷ ಕಾನೂನು ತಂದಿತು: ದೊಡ್ಡ ಕಂಪನಿಗಳು ಇಲ್ಲಿ ಮಾರುವ ಕಾರುಗಳಲ್ಲಿ 1998ಕ್ಕೆ ನೂರಕ್ಕೆ 2, 2001ಕ್ಕೆ 5, 2003ಕ್ಕೆ 10 ಹೊಗೆಯೇ ಇಲ್ಲದವಾಗಿರಬೇಕು.

ಆ ಕಾನೂನಿನ ಒತ್ತಡದಲ್ಲಿ 1996ರಲ್ಲಿ ಬಂದದ್ದು ಜನರಲ್ ಮೋಟಾರ್ಸ್‌ನ ಇವಿ1. ನೀರಿನ ಹನಿಯಂಥ ಮೈ. ಗಾಳಿಯನ್ನು ಅಷ್ಟು ನಯವಾಗಿ ಸೀಳಿ ಹೋಗುವ ಕಾರು ಆಗ ಮಾರುಕಟ್ಟೆಯಲ್ಲಿ ಬೇರೆ ಇರಲಿಲ್ಲ. ಆದರೆ ಒಳಗಿದ್ದದ್ದು? ನಮ್ಮ ಮನೆಯ ಬ್ಯಾಟರಿಯ ಅಣ್ಣತಮ್ಮಂದಿರು: 26 ಸೀಸದ ಬ್ಯಾಟರಿಗಳು, ಒಟ್ಟು ತೂಕ ಅರ್ಧ ಟನ್ನಿಗೂ ಹೆಚ್ಚು. ಅವೆಲ್ಲ ಸೇರಿ ಹಿಡಿದಿಟ್ಟ ಶಕ್ತಿ ಹದಿನಾರೂವರೆ ಯೂನಿಟ್, ಅಂದರೆ ಎರಡು ಲೀಟರ್ ಪೆಟ್ರೋಲಿಗೂ ಕಡಿಮೆ. ಅಷ್ಟರಲ್ಲೇ ಆ ಕಾರು ನೂರು ಕಿಲೋಮೀಟರ್ ದಾಟಿ ಓಡುತ್ತಿತ್ತು. ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ವಿದ್ಯುತ್ ಮೋಟಾರು ಕೊಟ್ಟದ್ದನ್ನೆಲ್ಲ ಹೆಚ್ಚುಕಡಿಮೆ ಚಕ್ರಕ್ಕೇ ತಲುಪಿಸುತ್ತದೆ. ಹಸಿದವನು ಒಂದು ಅಗುಳೂ ಚೆಲ್ಲದೆ ಉಂಡ ಹಾಗೆ. ಆ ಎಂಜಿನಿಯರುಗಳ ಕೆಲಸವನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಹಾಗಿದ್ದೂ ಕಂಪನಿ ಅದನ್ನು ಮಾರಲಿಲ್ಲ, ಬಾಡಿಗೆಗೆ ಮಾತ್ರ ಕೊಟ್ಟಿತು. ಸೀಸದ ಬ್ಯಾಟರಿಗೆ ಚಳಿ ಆಗದು, ಹಾಗಾಗಿ ಬೆಚ್ಚಗಿನ ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಮೊದಲು ಬಿಟ್ಟಿತು. 1999ರ ಹೊತ್ತಿಗೆ ಇನ್ನೂ ದೂರ ಓಡುವ ನಿಕ್ಕಲ್ ಬ್ಯಾಟರಿಯೂ ಬಂತು. ಆದರೆ ಒಟ್ಟು ತಯಾರಾದದ್ದು 1,117 ಕಾರು, ಅಷ್ಟೆ. ಕಾನೂನು ಸಡಿಲವಾದ ಮೇಲೆ ಒಂದೊಂದನ್ನೇ ವಾಪಸು ತರಿಸಿಕೊಂಡು ಹೆಚ್ಚಿನವನ್ನು ಜಜ್ಜಿಹಾಕಿದರು. 2005ರಲ್ಲಿ ಬರ್ಬ್ಯಾಂಕ್ ಎಂಬ ಊರಿನ ಒಂದು ಅಂಗಳದಲ್ಲಿ ಉಳಿದಿದ್ದ 78 ಕಾರುಗಳಿಗಾಗಿ ಅವನ್ನು ಓಡಿಸಿದ್ದವರು ಬೇಲಿಯಾಚೆ ಹಗಲೂ ರಾತ್ರಿ ಕಾದರು, ಒಂದೊಂದಕ್ಕೂ 24,000 ಡಾಲರ್ ಕೊಟ್ಟು ಕೊಳ್ಳುತ್ತೇವೆ ಎಂದರು. ಬಿಡಿಭಾಗ ಸಿಗುವುದಿಲ್ಲ, ನಾಳೆ ಏನಾದರೂ ಆದರೆ ಹೊಣೆ ಯಾರು ಎಂದು ಕಂಪನಿ ಒಪ್ಪಲಿಲ್ಲ. ಸಾಕಿದ ಹಸುವನ್ನು ಲಾರಿಗೆ ಹತ್ತಿಸುವಾಗ ಮನೆಯವರು ನಿಂತು ನೋಡುವಂತೆ ಆ ಜನ ನಿಂತು ನೋಡಿದರು.

ಇಲ್ಲಿಗೆ ಬಂದಾಗ ಎಲ್ಲರಿಗೂ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಆದರೂ ಅವರ ಜಾಗದಲ್ಲಿ ಒಮ್ಮೆ ಕೂತು ನೋಡೋಣ.

ಒಬ್ಬ ಹೆಸರಾಂತ ಅಡುಗೆ ಭಟ್ಟರಿದ್ದಾರೆ ಅನ್ನಿ. ಮೂರು ತಲೆಮಾರಿನಿಂದ ಅವರ ಸಾರು ಎಂದರೆ ಸಾರು. ಎಲೆ, ಅಕ್ಕಿ, ಹಪ್ಪಳ ಎಲ್ಲ ಹೊರಗಿನಿಂದ ಬರುತ್ತದೆ. ಸಾರು ಮಾತ್ರ ಅವರ ಕೈಯದು. ಅವರಿಗೆ ಹೋಗಿ, "ಇನ್ನು ಮೇಲೆ ಸಾರನ್ನೂ ಹೊರಗಿನಿಂದ ತರಿಸಿ ಬಡಿಸಿ" ಎಂದರೆ ಏನಾಗುತ್ತದೆ? ಕಾರು ಕಂಪನಿಗೆ ಎಂಜಿನ್ನೇ ಆ ಸಾರು. ಟೈರು, ಗಾಜು, ದೀಪಗಳ ಬಹುಪಾಲು ಬೇರೆಯವರು ಮಾಡಿಕೊಡುವುದು. ನೂರು ವರ್ಷದಿಂದ ಕಲಿತದ್ದು, ಕಾರ್ಖಾನೆಗಳಿಗೆ ಕೋಟಿ ಕೋಟಿ ಸುರಿದದ್ದು ಎಂಜಿನ್ನಿಗೆ. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ನೇ ಇಲ್ಲ. ಅದರ ಜೀವವಾದ ಬ್ಯಾಟರಿ ರಸಾಯನ ಗೊತ್ತಿದ್ದವರ ಕೈಯಲ್ಲಿ. ಮನೆಯ ಬೀಗದ ಕೈಯನ್ನು ಬೇರೆಯವರ ಸೊಂಟಕ್ಕೆ ಸಿಕ್ಕಿಸಿದ ಹಾಗೆ.

ಇನ್ನು ಷೋರೂಮಿನವರು. ಕಾರು ಮಾರಿದ ದಿನ ಸಿಗುವ ಲಾಭ ಒಂದಾದರೆ, ಆಮೇಲೆ ವರ್ಷಗಟ್ಟಲೆ ಸರ್ವಿಸಿಗೆ ಬರುವ ಕಾರು ಕೊಡುವುದು ಇನ್ನೊಂದು. ನಮ್ಮ ಬೀದಿಯ ಗ್ಯಾರೇಜಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ: ಆಯಿಲ್ ಬದಲಾಯಿಸುವುದು, ಪ್ಲಗ್ಗು ಉಜ್ಜುವುದು, ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು, ತೂತುಬಿದ್ದ ಸೈಲೆನ್ಸರು, ಸೋರುವ ರೇಡಿಯೇಟರು. ಅಲ್ಲಿನ ಮೆಕಾನಿಕ್‌ಗೆ ಒಮ್ಮೆ ಇವಿ1ರ ಕತೆ ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಮಾಡುವ ಕೆಲಸಗಳನ್ನೆಲ್ಲ ಬೆರಳಲ್ಲಿ ಎಣಿಸುತ್ತಾ ಬಂದು, "ಇದ್ಯಾವುದೂ ಇಲ್ಲ ಅಂದ್ರೆ ಬ್ರೇಕು, ಟೈರು ಬಿಟ್ಟು ನಮ್ಗೇನು ಉಳೀತು ಸಾರ್?" ಎಂದ. ಷೋರೂಮಿನವರೂ ಮನಸ್ಸಿನಲ್ಲಿ ಅದನ್ನೇ ಎಣಿಸಿರಬೇಕು. ತನ್ನ ಗಂಜಿಗೇ ಕುತ್ತು ತರುವ ಸರಕನ್ನು ಮನಸಾರೆ ಹೊಗಳಿ ಮಾರುವವರು ಯಾರು?

ಜಾಹೀರಾತಿನದೂ ಒಂದು ಇಕ್ಕಟ್ಟು. "ಈ ಕಾರು ಹೊಗೆ ಉಗುಳುವುದಿಲ್ಲ" ಎಂದು ಕಂಪನಿ ಹೆಮ್ಮೆಯಿಂದ ಹೇಳಿದರೆ, ಅದೇ ಅಂಗಳದಲ್ಲಿ ನಿಂತ ಉಳಿದ ಕಾರುಗಳೆಲ್ಲ ಹೊಗೆ ಉಗುಳುತ್ತವೆ ಎಂದು ಒಪ್ಪಿಕೊಂಡಂತೆ. ಕಾಲವೂ ಕೂಡಿಬರಲಿಲ್ಲ. 1998ರಲ್ಲಿ ಕಚ್ಚಾ ಎಣ್ಣೆ ನೆಲಕಚ್ಚಿತ್ತು. ಅಮೆರಿಕದಲ್ಲಿ ಒಂದು ಗ್ಯಾಲನ್, ಅಂದರೆ ಮೂರೂ ಮುಕ್ಕಾಲು ಲೀಟರ್ ಪೆಟ್ರೋಲಿಗೆ ಒಂದು ಡಾಲರಿನ ಆಸುಪಾಸು. ಆನೆಯಂಥ ಎಸ್‌ಯುವಿಗಳು ಬಿಸಿದೋಸೆಯಂತೆ ಖರ್ಚಾಗುತ್ತಿದ್ದವು, ಲಾಭವೂ ಅದರಲ್ಲೇ. ಎರಡೇ ಸೀಟಿನ, ಗಂಟೆಗಟ್ಟಲೆ ಚಾರ್ಜ್ ಮಾಡಬೇಕಾದ ಕಾರು ಯಾರಿಗೆ ಬೇಕು ಎಂದು ಕಂಪನಿಯವರು ಕೇಳಿದರೆ ಅದನ್ನು ನೆಪ ಎಂದು ತಳ್ಳಿಹಾಕಲಾರೆ.

ಕೊಳ್ಳುವವರಾದ ನಮ್ಮದೂ ಒಂದು ಪಾಲಿದೆ. ನಾವು ಕಾರು ಆರಿಸುವುದು ದಿನಾ ಹೋಗುವ ಆಫೀಸಿನ ಹದಿನೈದು ಕಿಲೋಮೀಟರಿಗಾಗಿ ಅಲ್ಲವೇ ಅಲ್ಲ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಹೋಗುವ ಧರ್ಮಸ್ಥಳಕ್ಕಾಗಿ. ಡಿಕ್ಕಿಯಲ್ಲಿ ಬ್ಯಾಗು, ಹಿಂದೆ ಅತ್ತೆ, ಮಡಿಲಲ್ಲಿ ಪುಳಿಯೋಗರೆ ಡಬ್ಬಿ. ಆ ಒಂದು ದಿನದ ಮುನ್ನೂರು ಕಿಲೋಮೀಟರಿಗಾಗಿ ಉಳಿದ ಮುನ್ನೂರ ಅರವತ್ತನಾಲ್ಕು ದಿನ ದೊಡ್ಡ ಕಾರು ಸಾಕುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ದುಡ್ಡಿನ ವಿಷಯದಲ್ಲಿ ಒಪ್ಪಿದ ನಾವು ದೂರದ ವಿಷಯದಲ್ಲಿ ಒಪ್ಪಿರಲಿಲ್ಲ.

ಆಸ್ಟ್ರೇಲಿಯಾದ ಪಂದ್ಯದ ಮಾತು ಅರ್ಧಕ್ಕೇ ನಿಂತಿತು. 1990ರಲ್ಲಿ ಅದೇ ದಾರಿಯಲ್ಲಿ ಮತ್ತೆ ಸ್ಪರ್ಧೆ ನಡೆದಾಗ ಮೂರನೆಯ ಸ್ಥಾನಕ್ಕೆ ಬಂದ ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ ಬೆಂಗಳೂರಿನ ಒಬ್ಬ ಹುಡುಗನಿದ್ದ, ಚೇತನ್ ಮೈನಿ. ಮೈನಿಯವರ ಮನೆತನ 1994ರಲ್ಲಿ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೊಡನೆ ಸೇರಿ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರಿನ ಕೆಲಸ ಶುರುಮಾಡಿತು. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಎರಡು ಬಾಗಿಲಿನ ಕಾರಿಗೆ ಚೇತನ್ ತಮ್ಮ ತಾಯಿಯ ಹೆಸರಿಟ್ಟರು: ರೇವಾ. ನರ್ಮದಾ ನದಿಗೂ ಅದೇ ಹೆಸರು.

ನಮ್ಮ ಚಿಕ್ಕಪ್ಪ ಒಂದು ರೇವಾ ಕೊಂಡರು. ಜಯನಗರದ ಮನೆ, ಮಲ್ಲೇಶ್ವರದಲ್ಲಿ ಕೆಲಸ. ಒಂದು ಸಲ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಎಂದು ಕಂಪನಿಯ ಲೆಕ್ಕ. ಚಿಕ್ಕಪ್ಪನಿಗೆ ಬೇಕಿದ್ದದ್ದು ಅದರ ಅರ್ಧ. ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ. ಗೇರಿಲ್ಲ, ಕ್ಲಚ್ಚಿಲ್ಲ. ರಾತ್ರಿ ಊಟವಾದ ಮೇಲೆ ಅವರು ಗೇಟು ಹಾಕಿ, ಗೀಸರಿಗೆ ಹಾಕುವಂಥದೇ ಹದಿನೈದು ಆಂಪಿಯರ್ ಸಾಕೆಟ್ಟಿಗೆ ದಪ್ಪ ವೈರು ಸಿಕ್ಕಿಸಿ, ಸ್ವಿಚ್ಚೊತ್ತಿ, ಒಂದು ಕ್ಷಣ ಕಿವಿಗೊಟ್ಟು ನಿಲ್ಲುತ್ತಿದ್ದರು. ಸಣ್ಣಗೆ ಗುಂಯ್ ಎಂಬ ಸದ್ದು ಕೇಳಿಸಿದ ಮೇಲೆ, "ಹಸು ಮೇವು ಹಿಡೀತು" ಎಂದು ಒಳಗೆ ಬರುವರು. ನಾನು ಮೊದಲ ಸಲ ಪಕ್ಕದಲ್ಲಿ ಕೂತಾಗ ಕಾರು ಹೊರಟದ್ದೇ ತಿಳಿಯಲಿಲ್ಲ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸುತ್ತಲಿನ ಆಟೋಗಳೆಲ್ಲ ನಡುಗುತ್ತಾ ನಿಂತಿದ್ದರೆ ನಮ್ಮ ಕಾರಿನೊಳಗೆ ನಮ್ಮ ಉಸಿರು ನಮಗೇ ಕೇಳುತ್ತಿತ್ತು. ನಿಂತಾಗ ಸುಮ್ಮನಿರುವ ಕಾರನ್ನು ನಾನು ಅದೇ ಮೊದಲು ಕಂಡದ್ದು.

ಚಿಕ್ಕಪ್ಪನ ಮಗಳಿಗೂ ಅಂಥದೇ ಬೇಕೆಂದು ಆಸೆ. ಅವಳದು ಅಪಾರ್ಟ್‌ಮೆಂಟು. ಪಾರ್ಕಿಂಗಿನಲ್ಲಿ ಒಂದು ಸಾಕೆಟ್ ಹಾಕಿಸಿಕೊಳ್ಳುತ್ತೇನೆ, ಬೇರೆ ಮೀಟರ್ ಇಡಿ, ಬಿಲ್ಲು ನಾನೇ ಕಟ್ಟುತ್ತೇನೆ ಎಂದು ಅಲ್ಲಿನ ಸಂಘಕ್ಕೆ ಪತ್ರ ಬರೆದಳು. ಮೂರು ಮೀಟಿಂಗ್ ಆಯಿತು. "ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದರು. ಎಲ್ಲರೂ ಕೇಳಲಿ ಎಂದೇ ಅಲ್ಲವೇ ಮೊದಲಿನವಳು ಕೇಳುವುದು! ಅವಳು ಕೊನೆಗೆ ಪೆಟ್ರೋಲ್ ಕಾರೇ ಕೊಂಡಳು. ದೊಡ್ಡ ಕಂಪನಿಯ ಹಿಂಜರಿಕೆ ನಮಗೆ ಕಾಣುತ್ತದೆ. ಒಂದು ಸಾಕೆಟ್ಟಿಗೆ ಹಿಂಜರಿದ ನಮ್ಮ ನಮ್ಮ ಕಟ್ಟಡಗಳ ಹಿಂಜರಿಕೆ ಯಾವ ಲೆಕ್ಕದಲ್ಲೂ ಬರೆದಿಲ್ಲ.

ಲಂಡನ್ನಿನಲ್ಲಿ ನಗರದ ನಡುವೆ ಕಾರು ತರುವವರು 2003ರಿಂದ ಸುಂಕ ಕಟ್ಟಬೇಕಾಯಿತು. ಬ್ಯಾಟರಿ ಕಾರಿಗೆ ಆಗ ಅದು ಮಾಫಿಯಾಗಿತ್ತು. ಹಾಗಾಗಿ ನಮ್ಮ ರೇವಾ 'ಜಿ ವಿಜ್' ಎಂಬ ಹೆಸರಿನಲ್ಲಿ ಅಲ್ಲಿ ಮನೆಮಾತಾಯಿತು. ಆದರೂ ಎಲ್ಲ ದೇಶಗಳೂ ಸೇರಿ ಮಾರಾಟ ಐದು ಸಾವಿರ ಮುಟ್ಟಲಿಲ್ಲ. 2010ರಲ್ಲಿ ಮಹೀಂದ್ರ ಅದರ ಹೆಚ್ಚಿನ ಪಾಲನ್ನು ಕೊಂಡಿತು. ಲೆಕ್ಕದ ಪುಸ್ತಕದಲ್ಲಿ ಇದು ಸಣ್ಣ ಅಂಕಿ. ನನಗೆ ಇದು ದೊಡ್ಡದಾಗಿ ಕಾಣುವುದು ಬೇರೆ ಕಾರಣಕ್ಕೆ. ಜನರಲ್ ಮೋಟಾರ್ಸ್ ತನ್ನ ಕಾರುಗಳನ್ನು ಜಜ್ಜುತ್ತಿದ್ದ ವರ್ಷಗಳಲ್ಲೇ, ಅದರ ಸಂಪತ್ತಿನ ಸಾವಿರದಲ್ಲೊಂದು ಪಾಲೂ ಇಲ್ಲದ ಬೊಮ್ಮಸಂದ್ರದ ಒಂದು ಕಾರ್ಖಾನೆ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಅಂಥದೇ ಸೀಸದ ಬ್ಯಾಟರಿ ಇಟ್ಟು ಕಾರು ಮಾಡಿ ಕಳಿಸುತ್ತಿತ್ತು. ಹುಚ್ಚು ಬಿಡಲಿ ಎಂದು ಕಾಯದೆ ಮದುವೆ ಮಾಡಿಸಿದವರು ಅವರು.

ಕೊನೆಗೆ ಬ್ಯಾಟರಿಯ ಹುಚ್ಚು ಬಿಡಿಸಿದ್ದು ಯಾರು? ಕಾರಿನವರಲ್ಲ. 1991ರಲ್ಲಿ ಸೋನಿ ಕಂಪನಿ ಲೀಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ವೀಡಿಯೋ ಕ್ಯಾಮೆರಾಗಳಿಗಾಗಿ. ಆಮೇಲೆ ಲ್ಯಾಪ್‌ಟಾಪು, ಆಮೇಲೆ ನಮ್ಮೆಲ್ಲರ ಜೇಬಿನ ಮೊಬೈಲು. ಕೋಟಿಗಟ್ಟಲೆ ತಯಾರಾಗುತ್ತಾ ಕೈ ಪಳಗಿತು, ಬೆಲೆ ಇಳಿಯಿತು. 2010ರಲ್ಲಿ ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚಿತ್ತು. 2024ಕ್ಕೆ ಸುಮಾರು 115 ಡಾಲರ್. ಮಾಡೆಲ್ ಟಿ ಇಳಿದ ದಾರಿಯಲ್ಲೇ ಇಳಿಯಿತು, ನೂರು ವರ್ಷ ತಡವಾಗಿ. ಇವಿ1 ಕೈಬಿಟ್ಟದ್ದು ತಾವು ಮಾಡಿದ ದೊಡ್ಡ ತಪ್ಪು ಎಂದು ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ರಿಕ್ ವ್ಯಾಗನರ್ 2006ರಲ್ಲಿ ತಾವೇ ಒಪ್ಪಿಕೊಂಡರು. ಅವರ ಕಂಪನಿಯ ಲೆಕ್ಕದಲ್ಲಿ ಕೂಡಿಕಳೆದದ್ದು ತಪ್ಪಿರಲಿಲ್ಲ. ಕಾರು ಮಾಡಿದರೆ ಎಷ್ಟು ನಷ್ಟ ಎಂಬುದನ್ನು ಪೈಸೆ ಪೈಸೆ ಬರೆದರು. ಮಾಡದೆ ಕೂತರೆ ಎಷ್ಟು ನಷ್ಟ ಎಂಬ ಸಾಲೇ ಆ ಲೆಕ್ಕದಲ್ಲಿ ಇರಲಿಲ್ಲ. ಕೈ ಪಳಗದೆ ಹೋದ ವರ್ಷಗಳು, ನಮ್ಮ ಮಕ್ಕಳು ಸಿಗ್ನಲ್ಲಿನಲ್ಲಿ ಕುಡಿದ ಹೊಗೆ, ಇವಕ್ಕೆ ರಸೀದಿ ಇಲ್ಲ.

ಹೋದ ತಿಂಗಳು ನಮ್ಮ ಯುಪಿಎಸ್ ಮತ್ತೆ ಕುಂಯ್ ಅಂದಿತು. ಈ ಸಲ ಲೀಥಿಯಂ ಹಾಕಿಸೋಣ ಎಂದೆ. ಅದೇ ಅಂಗಡಿ, ಅದೇ ಹಿರಿಯರು. ತಲೆ ಪೂರ್ತಿ ಬೆಳ್ಳಗಾಗಿದೆ. ಹುಡುಗನನ್ನು ಕರೆತಂದಿರಲಿಲ್ಲ. ಬಾಗಿಲು ತೆಗೆದಾಗ ಒಬ್ಬರೇ ನಿಂತಿದ್ದರು, ತರಕಾರಿ ಚೀಲ ಹಿಡಿದಂತೆ ಒಂದೇ ಕೈಯಲ್ಲಿ ಬ್ಯಾಟರಿ ಹಿಡಿದು. ಉಸಿರು ಕಟ್ಟಿರಲಿಲ್ಲ, ಅಂಗಿ ಒಣಗಿತ್ತು.

"ನಡುವೆ ಎಲ್ಲೂ ಕೆಳಗಿಡಲಿಲ್ವಾ?" ಎಂದು ಕೇಳಿದೆ.

"ಇಲ್ಲ ಸಾರ್" ಅಂದರು. ಬ್ಯಾಟರಿಯನ್ನು ಇನ್ನೊಂದು ಕೈಗೆ ದಾಟಿಸಿ, ಬಲ ಭುಜ ಉಜ್ಜಿಕೊಂಡು, "ಇದು ಇನ್ನೊಂದಿಪ್ಪತ್ತು ವರ್ಷ ಮುಂಚೆ ಬರ್ಬೇಕಿತ್ತು" ಎಂದರು.